ಜೋಳಿಗೆ ಬೇರೆಯಿರಲಿ, ಪಟ್ಟಿ ಒಂದಿರಲಿ

ಪ್ರಶ್ನೆ: ನಮ್ಮದು ಶ್ರೀರಂಗಪಟ್ಟಣ ತಾಲ್ಲೂಕಿನ ಒಂದು ದೊಡ್ಡ ಗ್ರಾಮ. ಇಲ್ಲಿನ ಮಠದ ಟ್ರಸ್ಟ್, ಚರ್ಚಿನ ಮಹಿಳಾ ಸಂಘ ಮತ್ತು ಮಸೀದಿ ಕಮಿಟಿ ಮೂರೂ ವಿಕಲಚೇತನರಿಗೆ ಬೇರೆ ಬೇರೆಯಾಗಿ ನೆರವು ನೀಡುತ್ತ ಬಂದಿವೆ. ಈಗ ಮೂವರೂ ಕೂಡಿ ಒಂದು ಕೇಂದ್ರ ತೆರೆಯುವ ಯೋಚನೆ ಇದೆ. ಮಠದವರು ಜಾಗ ಕೊಡಲು ಸಿದ್ಧರಿದ್ದಾರೆ. ಆದರೆ ಹಣ ಯಾರ ಖಾತೆಯಲ್ಲಿರಬೇಕು, ಕೇಂದ್ರಕ್ಕೆ ಯಾರ ಹೆಸರಿಡಬೇಕು ಎಂಬಲ್ಲಿಗೇ ಮಾತು ನಿಂತಿದೆ. ಮತಾಂತರದ ಅನುಮಾನವೂ ಕೆಲವರಲ್ಲಿದೆ. ಎಲ್ಲಿಂದ ಆರಂಭಿಸಬೇಕು?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಜಾಗ, ಹಣ, ಹೆಸರು, ಅನುಮಾನ ಎಲ್ಲವೂ ಅದರಲ್ಲಿವೆ. ಯಾರಿಗಾಗಿ ಈ ಕೇಂದ್ರವೋ ಅವರಲ್ಲಿ ಒಬ್ಬರೂ ಅದರಲ್ಲಿಲ್ಲ. ನಿಮ್ಮನ್ನು ನೋಯಿಸಲು ಹೇಳುತ್ತಿಲ್ಲ. ಮೂವತ್ತು ವರ್ಷಗಳಿಂದ ಮೈಸೂರು, ಮಂಡ್ಯದ ಹಳ್ಳಿಗಳಲ್ಲಿ ಪುನರ್ವಸತಿ ಕೆಲಸ ಮಾಡುತ್ತಿರುವ ನಾನು ಕೂತ ಸಭೆಗಳು ಬಹುಪಾಲು ಹೀಗೆಯೇ ಶುರುವಾಗಿವೆ. ಆದ್ದರಿಂದ ಖಾತೆಯ ಮಾತಿಗೆ ಮುಂಚೆ ನಿಮ್ಮನ್ನು ಒಂದು ಮನೆಗೆ ಕರೆದೊಯ್ಯುತ್ತೇನೆ.

ನಾಲೆಯ ಬದಿಯ ಹಳ್ಳಿ, ಹೆಂಚಿನ ಮನೆ. ಹನ್ನೊಂದು ವರ್ಷದ ಹುಡುಗ, ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿಗೆ ಆದ ಹಾನಿಯಿಂದ ಕೈಕಾಲುಗಳ ಹಿಡಿತ ತಪ್ಪುವ ಸ್ಥಿತಿ. ನಡುಮನೆಯಲ್ಲಿ ಮೂರು ಗಾಲಿಕುರ್ಚಿಗಳಿದ್ದವು. ಒಂದರ ಮೇಲೆ ರಾಗಿ ಮೂಟೆ, ಇನ್ನೊಂದರ ಮೇಲೆ ಒಗೆದ ಬಟ್ಟೆ. ಮೂರನೆಯದರ ಸೀಟಿಗೆ ಸುತ್ತಿದ್ದ ಪ್ಲಾಸ್ಟಿಕ್ ಹಾಳೆ ಹಾಗೆಯೇ ಇತ್ತು. ಮೂರೂ ವಯಸ್ಕರ ಅಳತೆಯವು. ಮೂರೂ ಬೇರೆ ಬೇರೆ ಧರ್ಮದ ಮೂರು ಸಂಸ್ಥೆಗಳಿಂದ ಒಂದೂವರೆ ವರ್ಷದೊಳಗೆ ಬಂದಿದ್ದವು. ಮೂರರ ಬೆನ್ನಿನ ಮೇಲೂ ಕೊಟ್ಟವರ ಹೆಸರು ಬರೆದಿತ್ತು. ಹುಡುಗ ಮಾತ್ರ ಚಾಪೆಯ ಮೇಲಿದ್ದ. ತಾಯಿ ಅವನನ್ನು ತೊಡೆಯ ಮೇಲೆ ಅಂಗಾತ ಮಲಗಿಸಿಕೊಂಡು, ತಲೆಯನ್ನು ಹಿಂದಕ್ಕೆ ಬಾಗಿಸಿ, ಚಮಚದಲ್ಲಿ ರಾಗಿ ಅಂಬಲಿ ಹಾಕುತ್ತಿದ್ದರು. ಪ್ರತಿ ಚಮಚಕ್ಕೂ ಕೆಮ್ಮು. "ಇವನಿಗೆ ವರ್ಷವಿಡೀ ಕಫ" ಎಂದರು. ಅದು ಹವಾಮಾನದಿಂದ ಬಂದ ಕಫವಲ್ಲ. ತಲೆ ಹಿಂದಕ್ಕೆ ಬಾಗಿದಾಗ ಅಂಬಲಿ ಅನ್ನನಾಳದ ಬದಲು ಶ್ವಾಸನಾಳಕ್ಕೆ ಜಾರುತ್ತಿತ್ತು. ಆ ವರ್ಷ ಎರಡು ಸಲ ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರಿ ಬಂದಿದ್ದ.

ಊರಿನ ಬಡಗಿಯನ್ನು ಕರೆಸಿದೆವು. ಹುಡುಗನ ಸೊಂಟದ ಅಗಲ, ಪೃಷ್ಠದಿಂದ ಮಂಡಿಯವರೆಗಿನ ಉದ್ದ, ಮಂಡಿಯಿಂದ ಹಿಮ್ಮಡಿಯವರೆಗಿನ ಎತ್ತರ ಅಳೆದುಕೊಟ್ಟೆವು. ಸೊಂಟ, ಮಂಡಿ, ಹರಡು ಮೂರೂ ಲಂಬಕೋನದಲ್ಲಿ ನಿಲ್ಲುವಂತೆ ಹಲಗೆಯ ಕುರ್ಚಿ, ಪಾದಕ್ಕೊಂದು ಮಣೆ, ಮುಂದಕ್ಕೊಂದು ತಟ್ಟೆಹಲಗೆ. ಎದೆಯ ಪಟ್ಟಿಗೆ ತಾಯಿಯೇ ತಮ್ಮ ಹಳೆಯ ಸೀರೆಯನ್ನು ಮಡಿಸಿ ಹೊಲಿದರು. ಮರುದಿನ ಅವನನ್ನು ಅದರಲ್ಲಿ ಕೂರಿಸಿ, ಗದ್ದ ತುಸು ಎದೆಯ ಕಡೆಗಿರುವಂತೆ ನೋಡಿಕೊಂಡು, ಅಂಬಲಿಯನ್ನು ಗಟ್ಟಿ ಮಾಡಿ ತಿನ್ನಿಸಿದೆವು. ಕೆಮ್ಮು ತುಂಬ ಕಡಿಮೆಯಾಯಿತು. ಆ ತಾಯಿ ಹೇಳಿದ್ದು ಬೇರೆಯೇ: "ಉಣ್ಣಿಸುವಾಗ ಇವನ ಮುಖ ನನಗೆ ಎದುರಾಗಿ ಕಂಡಿದ್ದು ಇವತ್ತೇ."

ಮೂರು ಸಂಸ್ಥೆಗಳವರೂ ಒಳ್ಳೆಯ ಮನಸ್ಸಿನವರೇ. ಮೂವರ ದುಡ್ಡು ಸೇರಿಸಿದ್ದರೆ ಅಂಥ ಕುರ್ಚಿಗಳನ್ನು ಎಷ್ಟು ಮಕ್ಕಳಿಗೆ ಮಾಡಿಸಬಹುದಿತ್ತು ಎಂದು ಇವತ್ತಿಗೂ ಹೊಟ್ಟೆ ಉರಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಗಾಲಿಕುರ್ಚಿ ಸೇವೆಯನ್ನು ಎಂಟು ಹಂತಗಳಾಗಿ ವಿವರಿಸಿತು. ವ್ಯಕ್ತಿಯನ್ನು ಗುರುತಿಸಿ ಕಳಿಸುವುದು, ಪರೀಕ್ಷಿಸುವುದು, ತಕ್ಕ ಕುರ್ಚಿಯನ್ನು ಸೂಚಿಸುವುದು, ಹಣ ಮತ್ತು ಖರೀದಿ, ಕುರ್ಚಿ ಸಿದ್ಧಪಡಿಸುವುದು, ಅದನ್ನು ಮೈಗೆ ಹೊಂದಿಸುವುದು, ಬಳಕೆ ಕಲಿಸುವುದು, ಆಮೇಲೆ ರಿಪೇರಿ ಮತ್ತು ಮರುಭೇಟಿ. ನಮ್ಮ ವಿತರಣಾ ಸಮಾರಂಭಗಳಲ್ಲಿ ನಡೆಯುವುದು ನಾಲ್ಕನೆಯದೊಂದೇ. ಉಳಿದ ಏಳಕ್ಕೆ ದುಡ್ಡಿಗಿಂತ ಹೆಚ್ಚಾಗಿ ಜನ ಬೇಕು, ಮತ್ತೆ ಮತ್ತೆ ಅದೇ ಮನೆಗೆ ಹೋಗುವ ಜನ. ಅಂಥವರು ನಿಮ್ಮ ಮೂರೂ ಸಂಸ್ಥೆಗಳಲ್ಲಿದ್ದಾರೆ. ಪ್ರತಿ ಶುಕ್ರವಾರ, ಪ್ರತಿ ಭಾನುವಾರ, ಪ್ರತಿ ಹುಣ್ಣಿಮೆಗೆ ತಪ್ಪದೆ ಕೂಡುವ ಜನ ಯಾವ ಸರ್ಕಾರಿ ಯೋಜನೆಗೆ ಸಿಗುತ್ತಾರೆ ಹೇಳಿ?

ಈಗ ಹಣದ ಮಾತು. ನನ್ನ ಸ್ಪಷ್ಟ ಸಲಹೆ: ಜಂಟಿ ಖಾತೆ ತೆರೆಯಬೇಡಿ. ಅಪನಂಬಿಕೆಯಿಂದ ಹೀಗೆ ಹೇಳುತ್ತಿಲ್ಲ, ಪ್ರತಿ ಜೋಳಿಗೆಗೂ ಅದರದೇ ಕಟ್ಟುಪಾಡು ಇದೆ. ಚರ್ಚಿನ ಸಂಘಕ್ಕೆ ವಿದೇಶಿ ದೇಣಿಗೆ ಬರುತ್ತಿದ್ದರೆ, ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ ಬಂದ 2020ರ ತಿದ್ದುಪಡಿಯ ನಂತರ ಆ ಹಣವನ್ನು ಬೇರೆ ಯಾವ ಸಂಸ್ಥೆಗೂ ವರ್ಗಾಯಿಸುವಂತಿಲ್ಲ. ಪಡೆದವರೇ ಖರ್ಚು ಮಾಡಬೇಕು. ಗೊತ್ತಿಲ್ಲದೆ ಜಂಟಿ ಖಾತೆಗೆ ಹಾಕಿದರೆ ಆ ಸಂಘ ನೋಂದಣಿಯನ್ನೇ ಕಳೆದುಕೊಳ್ಳುವ ಅಪಾಯವಿದೆ. ಮಸೀದಿಯಲ್ಲಿ ಸಂಗ್ರಹವಾಗುವ ಝಕಾತ್ (ಕಡ್ಡಾಯ ದಾನ) ಹಣಕ್ಕೆ ಕುರಾನಿನಲ್ಲೇ ಎಂಟು ಬಗೆಯ ಹಕ್ಕುದಾರರನ್ನು ಹೇಳಲಾಗಿದೆ. ಅದನ್ನು ಮುಸ್ಲಿಮರಲ್ಲಿನ ಅರ್ಹರಿಗೇ ಕೊಡಬೇಕೆಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ಸ್ವಇಚ್ಛೆಯ ದಾನವಾದ ಸದಕಾಕ್ಕೆ ಆ ಮಿತಿ ಇಲ್ಲ, ಅದನ್ನು ಯಾರಿಗಾದರೂ ಕೊಡಬಹುದು. ಮಸೀದಿ ಕಮಿಟಿಯ ಹಿರಿಯರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಿರುತ್ತದೆ; ನೀವು ಕೇಳುವಾಗ ಸದಕಾ ಎಂದೇ ಕೇಳಿ. ಊರಿನಲ್ಲಿ ಮುಜರಾಯಿ ದೇವಸ್ಥಾನವಿದ್ದರೆ ಅದರ ಹುಂಡಿಯ ಹಣ ಇಲಾಖೆಯ ಮಂಜೂರಾತಿ ಇಲ್ಲದೆ ಹೊರಗೆ ಹೋಗುವುದಿಲ್ಲ.

ಆದ್ದರಿಂದ ಖರ್ಚನ್ನು ಹಂಚಿಕೊಳ್ಳಿ, ಹಣವನ್ನು ಬೆರೆಸಬೇಡಿ. ಫಿಸಿಯೋಥೆರಪಿಸ್ಟರ ಸಂಭಾವನೆ ಒಬ್ಬರದು, ವಾಹನದ ಡೀಸೆಲ್ ಇನ್ನೊಬ್ಬರದು, ಕಟ್ಟಡ ಮತ್ತು ಊಟ ಮತ್ತೊಬ್ಬರದು. ರಸೀದಿ ಅವರವರ ಹೆಸರಿನಲ್ಲೇ ಇರಲಿ. ಹೀಗೆ ಮಾಡಿದರೆ ಹೆಸರಿನ ಜಗಳವೂ ಮುಕ್ಕಾಲು ತಣ್ಣಗಾಗುತ್ತದೆ. ಕೇಂದ್ರಕ್ಕೆ ಊರಿನ ಹೆಸರೇ ಸಾಕು.

ಕೂಡಿಸಬೇಕಾದದ್ದು ಪಟ್ಟಿಯನ್ನು. ಊರಿನಲ್ಲಿ ಎಷ್ಟು ಮಂದಿ ವಿಕಲಚೇತನರಿದ್ದಾರೆ, ಯಾರಿಗೆ ಏನು ಬಂದಿದೆ, ಯಾರಿಗೆ ಏನೂ ಬಂದಿಲ್ಲ, ಇದಿಷ್ಟು ಮೂವರಿಗೂ ಒಂದೇ ಪುಸ್ತಕದಲ್ಲಿ ಕಾಣಬೇಕು. ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ವಿಆರ್‌ಡಬ್ಲ್ಯು ಎಂದರೆ ಎಲ್ಲರಿಗೂ ಗೊತ್ತು. ಹೆಚ್ಚಿನವರು ತಾವೂ ವಿಕಲಚೇತನರೇ. ತಾಲ್ಲೂಕು ಪಂಚಾಯಿತಿಯಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಿರುತ್ತಾರೆ. ಅವರ ಬಳಿ ಆಗಲೇ ಒಂದು ಪಟ್ಟಿ ಇರುತ್ತದೆ. ಅಲ್ಪ ಗೌರವಧನಕ್ಕೆ ದುಡಿಯುವ ಇವರನ್ನು ಸಮಾರಂಭದ ದಿನ ಕುರ್ಚಿ ಹಾಕಲು ಕರೆಯುವುದನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಅವರನ್ನು ಮೊದಲ ದಿನವೇ ನಿಮ್ಮ ಸಮಿತಿಯಲ್ಲಿ ಕೂರಿಸಿ. ಶಿಕ್ಷಣ ಇಲಾಖೆಯ ತಾಲ್ಲೂಕು ಸಂಪನ್ಮೂಲ ಕೇಂದ್ರದ (ಬಿಆರ್‌ಸಿ) ವಿಶೇಷ ಶಿಕ್ಷಕರಾದ ಬಿಐಇಆರ್‌ಟಿಗಳಿಗೆ ಶಾಲೆಗೆ ಹೋಗಲಾಗದೆ ಮನೆಯಲ್ಲೇ ಉಳಿದ ಮಕ್ಕಳ ವಿವರ ತಿಳಿದಿರುತ್ತದೆ.

ಪಟ್ಟಿ ತಯಾರಿಸುವಾಗ ನೆನಪಿಡಿ: 1995ರ ಅಂಗವಿಕಲರ ಕಾಯ್ದೆ ಏಳು ಬಗೆಯ ವೈಕಲ್ಯಗಳನ್ನಷ್ಟೇ ಗುರುತಿಸಿತ್ತು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದಲ್ಲಿ 21 ಬಗೆಗಳಿವೆ. ಆಟಿಸಂ, ಕಲಿಕಾ ನ್ಯೂನತೆ, ಹಿಮೋಫಿಲಿಯಾ, ಪಾರ್ಕಿನ್ಸನ್ಸ್, ಆಸಿಡ್ ದಾಳಿಗೆ ಒಳಗಾದವರು ಎಲ್ಲರೂ ಸೇರುತ್ತಾರೆ. "ನಮ್ಮೂರಲ್ಲಿ ಇರುವುದು ಹತ್ತೇ ಜನ" ಎನ್ನುವ ಕಡೆ ಮನೆ ಮನೆಗೆ ಹೋದಾಗ ಆ ಸಂಖ್ಯೆ ಎರಡು ಪಟ್ಟಾದದ್ದನ್ನು ಕಂಡಿದ್ದೇನೆ. ಕಾಲಿಲ್ಲದವರು ಎಲ್ಲರ ಕಣ್ಣಿಗೂ ಬೀಳುತ್ತಾರೆ, ಕಿವಿ ಕೇಳದ ಸೊಸೆ ಬೀಳುವುದಿಲ್ಲ. ಹಾಗೆಯೇ, ಪಟ್ಟಿಯಲ್ಲಿನ ಕಾಯಿಲೆಯ ವಿವರ ಧ್ವನಿವರ್ಧಕದಲ್ಲಿ ಓದುವಂಥದ್ದಲ್ಲ. ಮನೆಯವರ ಒಪ್ಪಿಗೆ ಪಡೆದು ಬರೆದುಕೊಳ್ಳಿ, ಆ ವಿವರ ಮಾತ್ರ ಇಬ್ಬರ ಬಳಿಯಷ್ಟೇ ಇರಲಿ.

ಮತಾಂತರದ ಅನುಮಾನಕ್ಕೆ ಭಾಷಣದಿಂದ ಪರಿಹಾರವಿಲ್ಲ, ನಡವಳಿಕೆಯಿಂದ ಇದೆ. ನಾವು ಅನುಸರಿಸಿದ ಒಂದು ಪದ್ಧತಿ ಬಹಳ ಕೆಲಸಕ್ಕೆ ಬಂದಿದೆ. ಮನೆ ಭೇಟಿಗೆ ಯಾವತ್ತೂ ಒಬ್ಬರೇ ಹೋಗುವುದಿಲ್ಲ. ಇಬ್ಬರು, ಅದೂ ಬೇರೆ ಬೇರೆ ಧರ್ಮದವರು ಒಟ್ಟಿಗೆ ಹೋಗುತ್ತಾರೆ. ಚರ್ಚಿನ ಸಂಘದ ಅಕ್ಕನ ಜೊತೆ ಮಠದ ಭಕ್ತರ ಮನೆಯ ಹೆಣ್ಣುಮಗಳು ಇದ್ದರೆ ಯಾವ ಮನೆಯವರೂ ಬಾಗಿಲು ಹಾಕುವುದಿಲ್ಲ. ಸೇವೆಯ ಹೊತ್ತಿನಲ್ಲಿ ಪ್ರಾರ್ಥನೆ, ಪ್ರವಚನ, ಕರಪತ್ರ ಯಾವುದೂ ಇಲ್ಲ ಎಂದು ಒಂದು ಹಾಳೆಯಲ್ಲಿ ಬರೆದು, ಮೂವರೂ ಸಹಿ ಮಾಡಿ, ಬಾಗಿಲಿಗೆ ಅಂಟಿಸಿ. ಮನೆಯವರೇ "ನಮಗಾಗಿ ಪ್ರಾರ್ಥಿಸಿ" ಎಂದು ಕೇಳಿದರೆ ಅವರವರ ಗುಡಿ, ಮಸೀದಿ, ಚರ್ಚಿನಲ್ಲಿ ಪ್ರಾರ್ಥಿಸಿ. ಈ ಸೀಮೆಯ ಜನರಿಗೆ ಇದು ಹೊಸದೇನಲ್ಲ. ದೋರನಹಳ್ಳಿಯ ಸಂತ ಅಂತೋಣಿಗೆ ಹರಕೆ ಹೊರುವವರಲ್ಲಿ ಎಲ್ಲ ಧರ್ಮದವರೂ ಇದ್ದಾರೆ. ನಂಜನಗೂಡಿನ ನಂಜುಂಡನನ್ನು ಟಿಪ್ಪು 'ಹಕೀಂ ನಂಜುಂಡ' ಎಂದು ಕರೆದನೆಂಬ ಪ್ರತೀತಿ ಇದೆ. ನಿಮ್ಮ ಪಕ್ಕದ ಗಂಜಾಂನಲ್ಲಿ ಚರ್ಚು ಕಟ್ಟಿಸಿದ ಪಾದ್ರಿ ದುಬಾಯ್ ಮೈಸೂರು ಸೀಮೆಯಲ್ಲಿ ಸಿಡುಬಿನ ಲಸಿಕೆ ಹಾಕಿಸಲು ಊರೂರು ತಿರುಗಿದವರು. ಸಿಡುಬು ಎಷ್ಟೋ ಮಕ್ಕಳ ಕಣ್ಣು ಕಿತ್ತುಕೊಳ್ಳುತ್ತಿದ್ದ ಕಾಲವದು.

ಕೇಂದ್ರವೆಂದರೆ ಏನು ಎಂಬುದನ್ನೂ ತೀರ್ಮಾನಿಸಿಕೊಳ್ಳಿ. ಹಾಸ್ಟೆಲ್ಲೋ ಆಶ್ರಮವೋ ನಿಮ್ಮ ಮನಸ್ಸಿನಲ್ಲಿದ್ದರೆ ಅದನ್ನು ಕೈಬಿಡಿ ಎಂದು ಬೇಡಿಕೊಳ್ಳುತ್ತೇನೆ. ಮಗುವನ್ನು ಮನೆಯಿಂದ ಎತ್ತಿಕೊಂಡು ಬರುವುದು ಸುಲಭ, ಮತ್ತೆ ಮನೆ ಸೇರಿಸುವುದು ಬಹಳ ಕಷ್ಟ. ವಾರಕ್ಕೆ ಎರಡು ದಿನ ತೆರೆಯುವ ಹಗಲು ಕೇಂದ್ರದಿಂದ ಶುರು ಮಾಡಿ. ಅದಕ್ಕೂ 2016ರ ಅಧಿನಿಯಮದ ಪ್ರಕಾರ ನೋಂದಣಿ ಬೇಕು. ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ. ವಿಶೇಷ ಶಿಕ್ಷಕರು, ವಾಕ್ ಚಿಕಿತ್ಸಕರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರಾಗಿರಬೇಕು. ಸೇವಾ ಮನೋಭಾವವಿದೆ ಎಂಬ ಒಂದೇ ಕಾರಣಕ್ಕೆ ಯಾರಾದರೂ ಮಗುವಿನ ಬಿಗಿದ ಕಾಲನ್ನು ಎಳೆದು ನೇರ ಮಾಡಲು ಹೋದರೆ ಮೂಳೆ ಮುರಿಯಬಹುದು.

ಪರಿಣತರಿಗಾಗಿ ದೂರ ಹೋಗಬೇಕಿಲ್ಲ, ಈ ವಿಷಯದಲ್ಲಿ ನೀವು ಪುಣ್ಯವಂತರು. 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಮೈಸೂರಿನ ಮಾನಸಗಂಗೋತ್ರಿಯಲ್ಲಿದೆ. ಮಗುವಿನ ಕಿವಿಯ ವಿಷಯದಲ್ಲಿ ಒಂದು, ಮೂರು, ಆರು ಎಂಬ ಲೆಕ್ಕವನ್ನು ಎಲ್ಲರಿಗೂ ಬಾಯಿಪಾಠ ಮಾಡಿಸಿ: ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ಖಚಿತ ರೋಗನಿರ್ಣಯ, ಆರು ತಿಂಗಳೊಳಗೆ ಶ್ರವಣಯಂತ್ರ ಮತ್ತು ತರಬೇತಿ. ನಾಮಕರಣ, ದೀಕ್ಷಾಸ್ನಾನ, ಅಖೀಖಾ ಎಂದು ಹಸುಗೂಸುಗಳು ನಿಮ್ಮ ಮೂವರ ಅಂಗಳಕ್ಕೂ ಬರುತ್ತವೆ. "ಕೂಸಿನ ಕಿವಿ ಪರೀಕ್ಷೆ ಮಾಡಿಸಿದಿರಾ?" ಎಂದು ಸ್ವಾಮಿಗಳು, ಫಾದರ್, ಮೌಲಾನಾ ಅವತ್ತೇ ಕೇಳಿದರೆ ಅದಕ್ಕಿಂತ ದೊಡ್ಡ ಶಿಬಿರ ಇನ್ನೊಂದಿಲ್ಲ. ಓದು ಮುಂದುವರಿಸಬಯಸುವ ಯುವಕ ಯುವತಿಯರಿಗೆ ಸುತ್ತೂರು ಮಠದ ಜೆಎಸ್‌ಎಸ್ ಮಹಾವಿದ್ಯಾಪೀಠ ನಡೆಸುವ ವಿಕಲಚೇತನರ ಪಾಲಿಟೆಕ್ನಿಕ್ ಮೈಸೂರಿನಲ್ಲಿದೆ. ನಾಗಮಂಗಲದ ಕಡೆಯವರಿಗೆ ಬಿ.ಜಿ. ನಗರದ ಆದಿಚುಂಚನಗಿರಿ ಆಸ್ಪತ್ರೆ, ಮೈಸೂರಿಗೆ ಹೋಗುವವರಿಗೆ 1906ರಿಂದ ಇರುವ ಮಿಷನ್ ಆಸ್ಪತ್ರೆ, ಜಿಲ್ಲಾ ಕೇಂದ್ರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಮಿಮ್ಸ್. ಇವೆಲ್ಲ ಇರುವಾಗ ನಿಮ್ಮ ಕೇಂದ್ರ ಮತ್ತೊಂದು ಆಸ್ಪತ್ರೆಯಾಗಬೇಕಿಲ್ಲ. ಮನೆಯಿಂದ ಅಲ್ಲಿಗೆ, ಅಲ್ಲಿಂದ ಮನೆಗೆ ಕೈಹಿಡಿದು ಕರೆದೊಯ್ಯುವ ಜಾಗವಾಗಲಿ.

ಹಾಗಾಗಿ ವಾಹನ ಬೇಕೇ ಬೇಕು. 2023ರಿಂದ ಶಕ್ತಿ ಯೋಜನೆಯಲ್ಲಿ ತಾಯಂದಿರಿಗೆ ಬಸ್ ಟಿಕೆಟ್ ಇಲ್ಲ. ಆದರೂ ಅವರು ಮೈಸೂರಿಗೆ ಹೋಗುತ್ತಿಲ್ಲ. ಹನ್ನೆರಡು ವರ್ಷದ ಮಗನನ್ನು ಸೊಂಟದ ಮೇಲೆ ಹೊತ್ತು ಬಸ್ಸಿನ ಮೆಟ್ಟಿಲು ಹತ್ತುವುದು ಟಿಕೆಟ್ಟಿನ ಪ್ರಶ್ನೆಯಲ್ಲ. ಮಸೀದಿ ಬೀದಿಯ ಯುವಕರಲ್ಲಿ ಆಟೊ, ಗೂಡ್ಸ್ ಗಾಡಿ ಓಡಿಸುವವರು ಇದ್ದರೆ ತಿಂಗಳಿಗೆ ನಾಲ್ಕು ದಿನ ಸರದಿಯಲ್ಲಿ ಬರಲಿ. ಇಷ್ಟು ಸಿಕ್ಕರೆ ಚಿಕಿತ್ಸೆ ಅರ್ಧಕ್ಕೆ ನಿಲ್ಲುವುದು ತಪ್ಪುತ್ತದೆ.

ಇನ್ನು ನಿಮ್ಮ ಮೂವರ ಹೊಸ್ತಿಲುಗಳು. ಬೇರೆಯವರಿಗೆ ಸೇವೆ ಮಾಡುವ ಮೊದಲು ಅವುಗಳನ್ನು ನೋಡಿಕೊಳ್ಳಿ. ಪೋಲಿಯೊ ಆದವರು ಕಾಲಿಗೆ ಕಟ್ಟಿಕೊಳ್ಳುವ ಕ್ಯಾಲಿಪರ್‌ನಲ್ಲಿ ಶೂ ಸೇರಿಯೇ ಇರುತ್ತದೆ. "ಚಪ್ಪಲಿ ಬಿಟ್ಟು ಬನ್ನಿ" ಎಂದರೆ ಅವರು ಕಾಲನ್ನೇ ಬಿಟ್ಟು ಬರಬೇಕು. ಎಷ್ಟೋ ಜನ ಗುಡಿಯ ಹೊರಗಿನ ಕಟ್ಟೆಯ ಮೇಲೆ ಕೂತು ಕೈಮುಗಿದು ಹಿಂದಿರುಗುತ್ತಾರೆ. ಮಸೀದಿಯ ಹೊರಗೂ ಇದೇ ಪಾಡು. ಶೂ ಮೇಲೆ ತೊಡಿಸಲು ಒಗೆದ ಬಟ್ಟೆಯ ಚೀಲ, ಒಳಗಿನ ಬಳಕೆಗೆಂದೇ ಇಟ್ಟ ಒಂದು ಗಾಲಿಕುರ್ಚಿ, ಹೊರಗಿನ ಗಾಲಿ ಒರೆಸಲು ಒದ್ದೆ ಬಟ್ಟೆ ಇಷ್ಟಕ್ಕೆ ಯಾವ ಶಾಸ್ತ್ರವೂ ಅಡ್ಡ ಬರುವುದಿಲ್ಲ. ರ‍್ಯಾಂಪ್ ಕಟ್ಟಿಸುವಾಗ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದವಿರಲಿ. ಗಾರೆ ಕೆಲಸದವರು ಜಾಗ ಉಳಿಸಲು ನಾಲ್ಕೇ ಅಡಿಗೆ ಮುಗಿಸುತ್ತಾರೆ. ಅದರ ಮೇಲೆ ಬೈಕ್ ಹತ್ತುತ್ತದೆ, ಗಾಲಿಕುರ್ಚಿ ಹಿಂದಕ್ಕೆ ಉರುಳುತ್ತದೆ. ದಾಸೋಹದ ಹಾಲ್‌ನಲ್ಲಿ ನೆಲಪಂಕ್ತಿಯ ಜೊತೆಗೆ ನಾಲ್ಕು ಮೇಜು ಇರಲಿ. ಚರ್ಚಿನಲ್ಲಿ ಒಂದು ಬೆಂಚು ತೆಗೆದರೆ ಗಾಲಿಕುರ್ಚಿಗೆ ಸಾಲಿನಲ್ಲೇ ಜಾಗ ಸಿಗುತ್ತದೆ.

ನಂಬಿಕೆಯ ಬಗ್ಗೆಯೂ ಹೇಳಲೇಬೇಕು. ಜನ ವೈದ್ಯರಿಗಿಂತ ಮೊದಲು ನಿಮ್ಮ ಬಳಿ ಬರುತ್ತಾರೆ. ಆ ಮೊದಲ ಮಾತು ನಿಮ್ಮದು. "ಹಿಂದಿನ ಜನ್ಮದ ಕರ್ಮ" ಎಂದೋ "ದೇವರು ಕೊಟ್ಟ ಪರೀಕ್ಷೆ" ಎಂದೋ ಅಲ್ಲಿ ಕೇಳಿಬಂದರೆ, ಆ ತಾಯಿ ಮಗುವನ್ನು ಮನೆಯೊಳಗೆ ಬಚ್ಚಿಡುತ್ತಾಳೆ. "ದೇವರ ಮಕ್ಕಳು" ಎಂಬ ಮಾತೂ ನನಗೆ ಹಿಡಿಸುವುದಿಲ್ಲ; ಆ ಮಕ್ಕಳಿಗೂ ಅಪ್ಪ ಅಮ್ಮ ಇದ್ದಾರೆ, ಶಾಲೆಗೆ ಹೋಗುವ ಹಕ್ಕಿದೆ. ಮಾನಸಿಕ ಕಾಯಿಲೆಯವರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. 2001ರ ಆಗಸ್ಟ್‌ನಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾಕ್ಕೆ ವಾಸಿಯಾಗಲೆಂದು ಕರೆತಂದು ಸರಪಳಿ ಬಿಗಿದಿದ್ದವರ ಗುಡಿಸಲಿಗೆ ಬೆಂಕಿ ಬಿದ್ದು 28 ಜನ ಸುಟ್ಟುಹೋದರು. ಯಾರನ್ನೂ ಸರಪಳಿಯಲ್ಲಿ ಕಟ್ಟುವಂತಿಲ್ಲ ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ಹಾಗೆಂದು ನಂಬಿಕೆಯನ್ನು ಓಡಿಸಬೇಕಿಲ್ಲ. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ 'ದವಾ ಮತ್ತು ದುವಾ' (ಔಷಧಿ ಮತ್ತು ಪ್ರಾರ್ಥನೆ) ಎಂಬ ಪದ್ಧತಿ ಬಂತು: ದರ್ಗಾ ನೋಡಿಕೊಳ್ಳುವ ಮುಜಾವರರೇ ದುವಾ ಮಾಡಿ, ಪಕ್ಕದಲ್ಲಿ ಕೂತ ಮನೋವೈದ್ಯರ ಬಳಿಗೆ ಕಳಿಸುತ್ತಾರೆ. ನಿಮ್ಮ ಮಠದಲ್ಲಿ ತಾಯತ ಕಟ್ಟಿಸಿಕೊಳ್ಳಲು ಬಂದವರಿಗೂ ಇದೇ ದಾರಿ ತೋರಿಸಬಹುದು.

ಕೊನೆಗೆ, ಮೂವತ್ತು ವರ್ಷಗಳಲ್ಲಿ ತಂದೆತಾಯಂದಿರು ನನ್ನನ್ನು ಅತಿ ಹೆಚ್ಚು ಕೇಳಿದ ಪ್ರಶ್ನೆ. ಗಾಲಿಕುರ್ಚಿಯದಲ್ಲ, ಮಾಸಾಶನದ್ದಲ್ಲ. "ನಾವು ಹೋದ ಮೇಲೆ ಇವನಿಗೆ ಯಾರು?" ಇದಕ್ಕೆ ನನ್ನಂಥವರ ಬಳಿ ಉತ್ತರವಿಲ್ಲ, ಏಕೆಂದರೆ ನಮ್ಮ ಯೋಜನೆಗಳ ಆಯುಸ್ಸು ಮೂರು ವರ್ಷ. ಮಠ, ಚರ್ಚು, ಮಸೀದಿಗಳ ಆಯುಸ್ಸು ತಲೆಮಾರುಗಳ ಲೆಕ್ಕದ್ದು. ನೀವು ಕೂಡುವುದರಲ್ಲಿ ನನಗೆ ಕಾಣುವ ದೊಡ್ಡ ಬಲ ಇದೇ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ, ಬಹುವಿಧ ವೈಕಲ್ಯ ಇರುವವರಿಗೆ ಹದಿನೆಂಟು ತುಂಬಿದ ಮೇಲೆ, 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾಧಿಕಾರಿಗಳಿರುವ ಸ್ಥಳೀಯ ಸಮಿತಿಯ ಮುಂದೆ ಕಾನೂನುಬದ್ಧ ಪಾಲಕರ (ಗಾರ್ಡಿಯನ್) ನೇಮಕಕ್ಕೆ ಅರ್ಜಿ ಹಾಕಬಹುದು. ಅದೇ ಕಾಯ್ದೆಯ ನಿರಾಮಯ ಯೋಜನೆಯಲ್ಲಿ ಒಂದು ಲಕ್ಷ ರೂಪಾಯಿಯವರೆಗೆ ಆರೋಗ್ಯ ವಿಮೆ ಇದೆ. ಅರ್ಜಿ ತುಂಬಿಸುವುದು ಒಂದು ಕೆಲಸ. ಅರವತ್ತು ದಾಟಿದ ತಾಯಿಯ ಜೊತೆ ಕೂತು, ಮಗನ ಊಟ, ಔಷಧಿ, ಅವನಿಗೆ ಭಯವಾಗುವ ವಸ್ತು, ಅವನು ನಗುವ ಹಾಡು ಎಲ್ಲವನ್ನೂ ಬರೆದಿಟ್ಟುಕೊಂಡು, "ನಮ್ಮ ಮೂರೂ ಮನೆಯವರು ಇದ್ದೇವೆ" ಎಂದು ಹೇಳಿ ಅದನ್ನು ಉಳಿಸಿಕೊಳ್ಳುವುದು ಇನ್ನೊಂದು ಕೆಲಸ. ಎರಡನೆಯದನ್ನು ನೀವು ಮಾತ್ರ ಮಾಡಬಲ್ಲಿರಿ.

ಸಮಿತಿಯಲ್ಲಿ ಕನಿಷ್ಠ ಅರ್ಧದಷ್ಟು ಜನ ವಿಕಲಚೇತನರು ಮತ್ತು ಅವರ ಮನೆಯವರು ಇರಲಿ. ಈ ನಾಡು ದಾಸೋಹದ ಪಕ್ಕದಲ್ಲೇ ಕಾಯಕವನ್ನಿಟ್ಟಿತು. ಸದಾ ಪಡೆಯುವವರಾಗಿಯೇ ಯಾರನ್ನೂ ಕೂರಿಸಬಾರದು. ಲೆಕ್ಕ ಬರೆಯಲು, ಫೋನ್ ಮಾಡಲು, ಕುರ್ಚಿ ರಿಪೇರಿಗೆ ಮೊದಲು ಅವರನ್ನೇ ನೇಮಿಸಿ.

ಮೊದಲ ಸಭೆಯನ್ನು ಮಠದಲ್ಲಿ ಕರೆಯಬೇಡಿ, ಚರ್ಚಿನಲ್ಲೂ ಬೇಡ, ಮಸೀದಿಯಲ್ಲೂ ಬೇಡ. ಮನೆಯಿಂದ ಹೊರಬರಲಾಗದ ಮಗುವಿರುವ ಒಬ್ಬ ತಾಯಿಯ ಜಗಲಿಯ ಮೇಲೆ ಕೂಡಿ. ಹೊತ್ತನ್ನು ಅವರೇ ಹೇಳಲಿ. ಬಹುಶಃ ಸಂಜೆ ಹಾಲು ಕರೆದು ಡೈರಿಗೆ ಹಾಕಿ ಬಂದ ಮೇಲೆ, ಏಳೂವರೆ ಎನ್ನಬಹುದು.